ಟೈಲರ್ ಆಂಟಿಯ ದವಡೆ

ಹೋದ ವಾರ ವಿಜಯನಗರದ ಡೆಂಟಿಸ್ಟ್ ನನ್ನ ಕೈಗೊಂದು ನೀಲಿ ಡಬ್ಬಿ ಕೊಟ್ಟರು. ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಗಾರ್ಡು. ನಿದ್ದೆಯಲ್ಲಿ ನಾನು ಹಲ್ಲು ಕಡಿಯುತ್ತೇನಂತೆ, ಮಲಗುವಾಗ ಹಲ್ಲಿನ ಮೇಲೆ ಇದನ್ನು ಕೂರಿಸಿಕೊಳ್ಳಬೇಕಂತೆ. ಮುಚ್ಚಳ ತೆಗೆದು ಆ ಹೊಸ ಪ್ಲಾಸ್ಟಿಕ್ ವಾಸನೆ ಮೂಗಿಗೆ ಬಂದದ್ದೇ ತಡ, ಮತ್ತೆ ಮುಚ್ಚಿಬಿಟ್ಟೆ. ಇಂಥದೇ ಡಬ್ಬಿ, ಇಂಥದೇ ವಾಸನೆ… ನಮ್ಮ ಟೈಲರ್ ಆಂಟಿಯದು.

ಕುರುಬರಹಳ್ಳಿಯ ನಮ್ಮ ಮನೆಯ ಕೆಳಗೆ ಅವರ ಬ್ಲೌಸ್ ಹೊಲಿಯುವ ಅಂಗಡಿ ಇತ್ತು. ಗಂಡ ಇರಲಿಲ್ಲ. ಒಬ್ಬಳು ಮಗಳು, ಒಂದು ಮೆಷಿನ್, ಅಷ್ಟೇ ಸಂಸಾರ. ನಾನಾಗ ಪಿಯುಸಿ. ಕಾಲೇಜಿನಿಂದ ಬಂದರೆ ಅವರ ಸ್ಟೂಲಿನ ಮೇಲೇ ಠಿಕಾಣಿ. ತುಟಿಯಲ್ಲಿ ಗುಂಡುಪಿನ್ನು ಇಟ್ಟುಕೊಂಡೇ ಮಾತಾಡುವರು, ಕತ್ತರಿ ಪಕ್ಕದಲ್ಲಿದ್ದರೂ ದಾರವನ್ನು ಹಲ್ಲಿನಲ್ಲೇ ಕಡಿಯುವರು.

ಆ ವರ್ಷ ಅಪ್ಪ ಹಳೇ ಮನೆ ಕೆಡವಿ ಹೊಸದು ಕಟ್ಟಿಸಲು ಹೊರಟರು. ಗಣೇಶನ ಹಬ್ಬ ಮುಗಿದ ಮೇಲೆ ಅಂಗಡಿ ಖಾಲಿ ಮಾಡಿ ಅಂದರು. ಆಂಟಿ “ಆಯ್ತು ಸಾರ್” ಅಂದರು, ಅಷ್ಟೇ. ಆಮೇಲೆ ಶುರುವಾಯಿತು ನೋಡಿ. ಮೆಷಿನ್ ನಿಂತಾಗಲೂ ಕಟಕಟ ಸದ್ದು! ಏನಪ್ಪಾ ಅಂತ ನೋಡಿದರೆ ಅವರ ಹಲ್ಲು. ಬೆಳಿಗ್ಗೆ ಎದ್ದರೆ ಕೆನ್ನೆ, ಕಿವಿ, ತಲೆ ಎಲ್ಲಾ ನೋವು. ನಮ್ಮಮ್ಮ “ಹೊಟ್ಟೇಲಿ ಹುಳ ಇರ್ಬೇಕು ಕಣ್ರೀ” ಅಂತ ಮಾತ್ರೆ ತರಿಸಿಕೊಟ್ಟರು. ಪಾಪ, ಅದನ್ನೂ ನುಂಗಿದರು. ಒಂದು ದಿನ ಇಡ್ಲಿ ತುಂಡು ಹಾಕಿಕೊಳ್ಳಲೂ ಬಾಯಿ ತೆರೆಯಲಿಲ್ಲ.

ಡೆಂಟಿಸ್ಟ್ ಹತ್ತಿರ ಕರೆದುಕೊಂಡು ಹೋದವಳು ನಾನೇ. “ಹಲ್ಲು ಕಚ್ಕೊಂಡು ಕಚ್ಕೊಂಡು ದವಡೆ ಬಿಗಿದುಹೋಗಿದೆಯಮ್ಮ. ಮನೇಲಿ ಏನಾದ್ರೂ ಟೆನ್ಷನ್ ಇದ್ಯಾ?” ಅಂತ ಡಾಕ್ಟರು ಕೇಳಿದರು. ಆಂಟಿ ನನ್ನ ಕಡೆ ಒಂದು ಸಲ ನೋಡಿ, “ಏನೂ ಇಲ್ಲ ಸಾರ್” ಅಂದರು. ನಾನು ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡುತ್ತಾ ಕೂತೆ.

ಬಿಸಿ ಶಾಖ ಕೊಡಿ, ಮೆತ್ತಗಿನ ಊಟ ಮಾಡಿ, ದಾರ ಕಡಿಯೋದು ಬಿಡಿ ಅಂದರು ಡಾಕ್ಟರು. ತುಟಿ ಮುಚ್ಚಿರಲಿ, ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗಬಾರದು. ವಾರದ ನಂತರ ಗಾರ್ಡು ಕೊಟ್ಟು, “ಇದು ಹಲ್ಲು ಸವೆಯದ ಹಾಗೆ ನೋಡ್ಕೊಳತ್ತೆ ಅಷ್ಟೇ. ಮನಸ್ಸಲ್ಲಿರೋದನ್ನ ನೀವೇ ನೋಡ್ಕೋಬೇಕು” ಅಂದರು. ಆಂಟಿ ಮೆಷಿನ್ನಿಗೆ ಒಂದು ಕೆಂಪು ದಾರ ಕಟ್ಟಿದರು. ಕಣ್ಣಿಗೆ ಬಿದ್ದಾಗಲೆಲ್ಲ ಹಲ್ಲು ಸಡಿಲ ಬಿಡಬೇಕೆಂಬ ನೆನಪಿಗೆ. ಆದರೆ ಟೈಲರ್ ಬುದ್ಧಿ ಎಲ್ಲಿ ಹೋಗುತ್ತದೆ? ಎರಡೇ ದಿನಕ್ಕೆ “ಫಿಟಿಂಗ್ ಟೈಟಾಯ್ತು ಪುಟ್ಟಿ, ಅಂಚಲ್ಲಿ ಚೂರು ಬಿಟ್ಕೊಂಡೆ” ಅಂತ ತೋರಿಸಿದರು. ಕತ್ತರಿಯಲ್ಲಿ ಗಾರ್ಡನ್ನೇ ಆಲ್ಟರ್ ಮಾಡಿದ್ದರು! ಅದು ಮತ್ತೆ ಹಲ್ಲಿನ ಮೇಲೆ ನಿಲ್ಲಲೇ ಇಲ್ಲ. ಡಾಕ್ಟರು ತಲೆ ಚಚ್ಚಿಕೊಂಡು ಮತ್ತೆ ಅಳತೆ ತೆಗೆದರು.

ಅವತ್ತು ವಾಪಸ್ ಬರುವ ಬಸ್ಸಿನಲ್ಲಿ ಆಂಟಿ ನನ್ನ ಕೈ ಹಿಡಿದುಕೊಂಡರು. “ಅಪ್ಪಂಗೆ ಒಂದು ಮಾತು ಹೇಳ್ತೀಯಾ? ದೀಪಾವಳಿವರೆಗೂ ಬಿಟ್ರೆ ಸಾಕು. ಹಬ್ಬದ ಬಟ್ಟೆ ಹೊಲ್ಕೊಟ್ಟು, ಗಿರಾಕಿಗಳಿಗೆಲ್ಲ ಹೊಸ ಜಾಗ ಹೇಳಿ ಹೋಗ್ತೀನಿ. ಇಲ್ದಿದ್ರೆ ಎಲ್ಲ ಕೈ ತಪ್ಪಿಹೋಗ್ತಾರೆ ಕಣೇ.”

“ಇವತ್ತೇ ಹೇಳ್ತೀನಿ ಆಂಟಿ” ಅಂದೆ.

ಅಪ್ಪನೆಂದರೆ ನನಗೆ ನಡುಕ. ಇವತ್ತು ಬೇಡ, ನಾಳೆ. ನಾಳೆ ಸಿಟ್ಟಲ್ಲಿದ್ದಾರೆ, ನಾಡಿದ್ದು… ಆಂಟಿ ದಿನಾ ನನ್ನ ಮುಖ ನೋಡುತ್ತಿದ್ದರು, ಬಾಯಿಬಿಟ್ಟು ಕೇಳುತ್ತಿರಲಿಲ್ಲ. ನಾನು ಸ್ಟೂಲಿನ ಮೇಲೆ ಕೂರುವುದನ್ನೇ ಬಿಟ್ಟೆ. ಥೂ, ನನ್ನ ಜನ್ಮಕ್ಕೆ!

ಗಣೇಶನ ಹಬ್ಬ ಮುಗಿದ ಮೂರನೇ ದಿನ ಟೆಂಪೋ ಬಂತು. ಮೆಷಿನ್ ಹತ್ತಿಸುವಾಗ ಕೆಂಪು ದಾರ ಅದರ ಮೇಲೇ ಇತ್ತು. ಆಂಟಿ ನನ್ನ ಕೆನ್ನೆ ಸವರಿದರು. “ಅಪ್ಪ ಒಪ್ಲಿಲ್ಲ ಅಲ್ವಾ? ಹೋಗ್ಲಿ ಬಿಡು ಪುಟ್ಟಿ. ನನಗೋಸ್ಕರ ಕೇಳಿದ್ಯಲ್ಲ, ಅಷ್ಟು ಸಾಕು.” ನಾನು ಬಟ್ಟೆಯ ಗಂಟೊಂದನ್ನು ಎತ್ತಿ ಟೆಂಪೋದೊಳಗೆ ಇಟ್ಟೆ. ಕೆಂಗೇರಿ ಕಡೆ ಹೋದರೆಂದು ಯಾರೋ ಹೇಳಿದರು. ಆಮೇಲೆ ಅವರ ನಂಬರಿಗೆ ಫೋನೂ ಹೋಗಲಿಲ್ಲ.

ಎಷ್ಟೋ ವರ್ಷದ ಮೇಲೆ ಊಟಕ್ಕೆ ಕೂತಾಗ ಅಪ್ಪ ತಾವಾಗಿಯೇ ಅಂದರು, “ಪಾಪ, ಆ ಟೈಲರಮ್ಮ. ಪ್ಲಾನ್ ಪಾಸಾಗೋದು ಹೇಗೂ ಲೇಟಾಯ್ತು. ಒಂದೆರಡು ತಿಂಗಳು ಬೇಕು ಅಂದಿದ್ರೆ ಇರಿ ಅಂತಿದ್ದೆ.” ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.

ಅಂಗಡಿ ಇದ್ದ ಜಾಗದಲ್ಲಿ ಈಗ ನಮ್ಮ ಕಾರು ನಿಲ್ಲುತ್ತದೆ. ಹೋದ ವಾರ ಡಾಕ್ಟರು ನನ್ನನ್ನೂ ಕೇಳಿದರು, ಏನಾದರೂ ಟೆನ್ಷನ್ ಇದೆಯಾ ಅಂತ. ಏನೂ ಇಲ್ಲ ಅಂದೆ. ಮನೆಗೆ ಬಂದು ಕಾರು ನಿಲ್ಲಿಸಿ, ಡಬ್ಬಿ ಹಿಡಿದುಕೊಂಡು ಅಲ್ಲೇ ಕೂತೆ. ನಾನು ಅಪ್ಪನನ್ನು ಕೇಳಲೇ ಇಲ್ಲ ಆಂಟಿ.