ಪೂವಯ್ಯನ ಬುಟ್ಟಿಯೂ ವಕೀಲರ ಬೀರುವೂ

ಮದೆನಾಡಿನ ಕಡೆಯ ಪೂವಯ್ಯನಿಗೆ ಸಿಟ್ಟು ಬಂತೆಂದರೆ ಹಟ್ಟಿಯ ಎತ್ತು ಮೆಲುಕು ಹಾಕುವುದನ್ನು ನಿಲ್ಲಿಸಿ ಕಿವಿ ನೆಟ್ಟಗೆ ಮಾಡುತ್ತಿತ್ತು. ಆಚೆ ಗುಡ್ಡದ ಮನೆಯವರು "ಇವತ್ತು ಯಾರ ಸರದಿಯೋ" ಎಂದು ತಮ್ಮ ಕೆಲಸ ಮುಂದುವರಿಸುತ್ತಿದ್ದರು. ಬಂದಷ್ಟೇ ಬೇಗ ಇಳಿಯುವ ಸಿಟ್ಟು ಎಂದರೆ ಸುಳ್ಳಾದೀತು. ಇಳಿಯುತ್ತಿರಲಿಲ್ಲ. ಆದರೆ ಆ ಸಿಟ್ಟನ್ನು ಹೊತ್ತುಕೊಂಡು ಇನ್ನೊಬ್ಬರ ಮನೆಗೆ ಹೋದರೆ ಮಾತ್ರ ಅದು ಬಾಗಿಲಲ್ಲೇ ಸಿಕ್ಕಿಬೀಳುತ್ತಿತ್ತು. ಯಾಕೆಂದರೆ ಪೂವಯ್ಯ ಯಾರ ಮನೆಗೂ ಬರಿಗೈಯಲ್ಲಿ ಹೋದವನಲ್ಲ.

ಅದು ತಾಯಿ ಕಲಿಸಿದ ಪಾಠ. "ಕೈ ಬೀಸಿಕೊಂಡು ಮನೆಗೆ ಬರುವವರು ಇಬ್ಬರೇ ಮಗ. ಒಬ್ಬ ಜಪ್ತಿಗೆ ಬರುವವ, ಇನ್ನೊಬ್ಬ ಸಾವಿನ ಸುದ್ದಿ ತರುವವ" ಎಂದು ಅವಳು ಹೇಳುತ್ತಿದ್ದಳು. ಹಾಗಾಗಿ ಜಗಳಕ್ಕೆ ಹೊರಟರೂ ಪೂವಯ್ಯನ ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣೋ ಒಂದು ಹಲಸೋ ಇರಲೇಬೇಕು. ಹಲಸಿನ ಹಣ್ಣನ್ನು ಎರಡೂ ತೋಳಲ್ಲಿ ಅಪ್ಪಿಕೊಂಡು ನಿಂತವನು ಯಾರನ್ನು ತಾನೆ ಬೈದಾನು? ಮೊದಲು ಹಣ್ಣು ಇಳಿಸಬೇಕು. ಇಳಿಸಿದ ಮೇಲೆ ಅವರು ಕುಳಿತುಕೊಳ್ಳಿ ಎನ್ನುತ್ತಾರೆ. ಕುಳಿತ ಮೇಲೆ ಬೆಲ್ಲದ ಕಾಪಿ ಬರುತ್ತದೆ. ಆಮೇಲೆ ಬೈಯುವುದು ಹೇಗೆ!

ಇಂಥ ಪೂವಯ್ಯನಿಗೆ ಒಂದು ಕೇಸು ಗಂಟುಬಿತ್ತು. ಅವನ ಗದ್ದೆಗೆ ಅಜ್ಜನ ಕಾಲದಿಂದ ನೀರು ತರುತ್ತಿದ್ದ ತೋಡನ್ನು ಮೇಲಿನ ಜಾಗದ ದೇರಪ್ಪ ಕಲ್ಲಿಟ್ಟು ತನ್ನ ಹೊಸ ಕಾಫಿ ಸಸಿಗಳ ಕಡೆಗೆ ತಿರುಗಿಸಿಕೊಂಡ. ಮಳೆ ಹಿಡಿಯುವ ಮುಂಚೆ ಸಸಿಮಡಿಯಲ್ಲಿ ಭತ್ತ ಬಿತ್ತಲು ತೋಡಿನ ನೀರೇ ಆಗಬೇಕು. ಮಳೆ ಹಿಡಿದ ಮೇಲೆ ಬಿತ್ತಿದರೆ ಬೀಜವೆಲ್ಲ ಕೊಚ್ಚಿಕೊಂಡು ದೇವರಿಗೇ ಗೊತ್ತು ಎಲ್ಲಿಗೋ ಹೋಗುತ್ತದೆ. ತೋಡು ಪೂವಯ್ಯನದೇ ಎನ್ನುವುದಕ್ಕೆ ಸರ್ಕಾರದ ಹಳೇ ಅಳತೆಯ ನಕ್ಷೆಯೊಂದನ್ನು ಅವನ ತಂದೆ ಪೆಟ್ಟಿಗೆಯಲ್ಲಿಟ್ಟು ಹೋಗಿದ್ದರು. ಅದನ್ನು ಹಿಡಿದುಕೊಂಡು ಪೂವಯ್ಯ ಮಡಿಕೇರಿಯ ವಕೀಲ ವೆಂಕಪ್ಪಯ್ಯನವರಲ್ಲಿಗೆ ಹೋದ. ಜೊತೆಗೆ ಒಂದು ಬುಟ್ಟಿ ಕಿತ್ತಳೆ.

ಅಲ್ಲಿಂದ ಮುಂದೆ ವಾಯಿದೆಯ ಮೇಲೆ ವಾಯಿದೆ. ಒಮ್ಮೆ ವಕೀಲರಿಗೆ ನೆಗಡಿ, ಇನ್ನೊಮ್ಮೆ ಅವರ ಭಾವನ ಮನೆಯ ಉಪನಯನ. ಎರಡು ಬೇಸಗೆ ಪೂವಯ್ಯ ನೆಂಟರ ಮನೆಯಿಂದ ನೇಜಿ, ಅಂದರೆ ಭತ್ತದ ಎಳೆ ಸಸಿ, ಬೇಡಿ ತಂದು ನೆಟ್ಟ. ಮೂರನೆಯ ಬೇಸಗೆ ಹತ್ತಿರವಾದಾಗ ಮುನ್ಸೀಫರು ಕೋರ್ಟಿನಲ್ಲೇ ಕೇಳಿದರು:

"ನಕ್ಷೆ ಎಲ್ಲಿ?"

"ಮನೆಯಲ್ಲಿ ಮರೆತು ಬಂದೆ, ಸ್ವಾಮಿ" ಎಂದರು ವೆಂಕಪ್ಪಯ್ಯ.

"ಮುಂದಿನ ವಾಯಿದೆಗೆ ನಕ್ಷೆ ಬಾರದಿದ್ದರೆ ಕೇಸು ವಜಾ."

ಹೊರಗೆ ಬಂದ ಪೂವಯ್ಯ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಕೂಗಿದ ಕೂಗಿಗೆ ಕಕ್ಷಿಗಾರರ ಕುದುರೆಯೊಂದು ಹಗ್ಗ ಬಿಚ್ಚಿಕೊಂಡು ಓಡಿತಂತೆ. ಅಂದೇ ಅವನು ಮದರಾಸಿನಲ್ಲಿ ಓದಿ ಬಂದಿದ್ದ ಒಬ್ಬ ಹೊಸ ವಕೀಲರನ್ನು ಹಿಡಿದ. ಅವರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು: "ಆಗಬಹುದು. ಆದರೆ ಹಳೆಯ ವಕೀಲರಿಂದ ನಿನ್ನ ಕಾಗದದ ಕಟ್ಟು ಬರಬೇಕು. ನನ್ನದೇನೂ ತಕರಾರಿಲ್ಲ ಅಂತ ಅವರ ರುಜುವೂ ಬೇಕು. ಅವೆರಡಿಲ್ಲದೆ ನಾನು ಎದ್ದು ನಿಂತರೆ ನನ್ನನ್ನೇ ಕೂರಿಸ್ತಾರೆ."

"ಅದೆಂತ ದೊಡ್ಡ ಸಂಗತಿ? ಫೀಸು ಬಾಕಿ ಇಲ್ಲ, ಏನಿಲ್ಲ. ನನ್ನ ಕಾಗದ, ನಾನು ಕೇಳಿದರೆ ಕೊಡಲೇಬೇಕಲ್ಲ?" ಎಂದ ಪೂವಯ್ಯ.

ಹೊಸ ವಕೀಲರು ಪಾಪ, ನಕ್ಕು ಮತ್ತೆ ಕನ್ನಡಕ ಒರೆಸಿಕೊಂಡರು.

ವೆಂಕಪ್ಪಯ್ಯನವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು, ಒಂದು ಸಲ ಚೆನ್ನಾಗಿ ಬೈದು ಬಂದರೆ ಆಗುತ್ತಿತ್ತು. ದಕ್ಷಿಣ ಕನ್ನಡದ ಕಡೆಯಿಂದ ಬಂದು ಮಡಿಕೇರಿಯಲ್ಲಿ ನೆಲೆಸಿದ, ಗುಂಡು ಹೊಟ್ಟೆಯ, ನಗುಮುಖದ ಮನುಷ್ಯ. ಪೂವಯ್ಯ ಗೇಟು ದಾಟುತ್ತಲೇ ಜಗಲಿಯಿಂದ ಎದ್ದು ಬರುವರು.

"ಬಾ ಬಾ ಪೂವಯ್ಯ! ಬುಟ್ಟಿಯಲ್ಲಿ ಎಂಥದು ಮಾರಾಯ?"

"ಏಲಕ್ಕಿ ಬಾಳೆ. ಸ್ವಾಮಿ, ನನ್ನ ಕಟ್ಟು..."

"ಕೊಡುವ, ಕೊಡುವ. ಕಟ್ಟಿಗೇನು ಕಾಲು ಉಂಟಾ ಓಡಿ ಹೋಗಲಿಕ್ಕೆ? ಭಾಗೀರಥೀ, ಇಲ್ಲಿ ನೋಡೇ, ಪೂವಯ್ಯ ಏಲಕ್ಕಿ ಬಾಳೆ ತಂದಿದ್ದಾನೆ!"

ಹೆಂಡತಿ ಭಾಗೀರಥಮ್ಮ ಬಂದು ಹಣ್ಣು ಮೂಸಿ ನೋಡಿ, ಮನೆಯವರ ಕ್ಷೇಮ ಕೇಳಿ, ಕಾಪಿ ತಂದಿಡುವರು. ಹೊರಡುವ ಹೊತ್ತಿಗೆ ಬೀರುವಿನ ಬೀಗದ ಕೈ ಸಿಗುವುದಿಲ್ಲ. ಇಲ್ಲವೇ ರಾಹುಕಾಲ. "ಮುಂದಿನ ವಾರ ಬಾ."

ಮುಂದಿನ ವಾರ ಪೂವಯ್ಯ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಹೋದ. ಒಳ್ಳೊಳ್ಳೆಯ ಬೈಗುಳ, ಬರೆದಿಟ್ಟುಕೊಳ್ಳುವಂಥವು. ಆದರೆ ಎರಡೂ ಕೈಯಲ್ಲಿ ಜೇನಿನ ಭರಣಿ. ಅಲುಗಿದರೆ ಚೆಲ್ಲುತ್ತದೆ. ಅಲುಗದೆ ಬೈಯುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ. ಭರಣಿ ಒಳಕ್ಕೆ ಹೋಯಿತು. ಪೂವಯ್ಯ ಜಗಲಿಯಲ್ಲಿ ಕಾದು ಕುಳಿತಿದ್ದಾಗ ಒಳಗಿನ ಮಾತು ಕಿಟಕಿಯಿಂದ ಹೊರಗೆ ಬಂತು.

"ಪಾಪ, ಆ ಕಟ್ಟು ಕೊಟ್ಟುಬಿಡಬಾರದಾ?" ಇದು ಭಾಗೀರಥಮ್ಮ.

"ಕೊಟ್ಟರೆ ಅವನು ಮತ್ತೆ ಈ ಕಡೆ ಯಾಕೆ ಬರ್ತಾನೆ? ಜೇನು ಎಲ್ಲಿಂದ ಬರ್ತದೆ? ಉಪ್ಪಿನಕಾಯಿಯ ಮಾವಿನ ಮಿಡಿ ಎಲ್ಲಿಂದ?"

ಭಾಗೀರಥಮ್ಮ ಭರಣಿಯ ಮುಚ್ಚಳ ತೆರೆದ ಸದ್ದು ಕೇಳಿಸಿತು. "ಹಾಗಾದರೆ ಮಿಡಿ ಬಂದ ಮೇಲೆ ಕೊಡಿ" ಎಂದರು.

ಪೂವಯ್ಯ ಕಾಪಿಯನ್ನೂ ಕುಡಿಯದೆ ಎದ್ದು ನಡೆದ. ಅವನ ಕೇಸು ಎರಡು ವರ್ಷ ಯಾಕೆ ಕುಂಟಿತು ಎನ್ನುವುದು ಈಗ ಬೆಳಕಾಯಿತು. ಕಿತ್ತಳೆ ಕುಂಟಿಸಿತು. ಜೇನು ಕುಂಟಿಸಿತು. ತನ್ನ ಕೈಯಾರೆ ತಾನೇ ಕುಂಟಿಸಿದ್ದ!

ಮನೆಯಲ್ಲಿ ಹೆಂಡತಿ ತಂಗಮ್ಮ ಎಲ್ಲ ಕೇಳಿ ಒಲೆಗೆ ಕೊಳ್ಳಿ ತಳ್ಳಿದಳು.

"ಎಂತ ಮಾಡುದು ಅಂತ ನಂಗೆ ಗೊತ್ತುಟ್ಟು. ಇನ್ನು ಬರಿಗೈಲಿ ಹೋಗಿ."

"ಬರಿಗೈಲಾ?"

"ಬರಿಗೈಲಿ. ಒಂದು ವೀಳ್ಯದೆಲೆ ಸಹ ಬೇಡ. ಆಗ ಬೈಯಲಿಕ್ಕೆ ಆಗ್ತದೆ, ನಿಮ್ಮ ಕೈ ಬಿಡುವಿರ್ತದಲ್ಲ."

ಪೂವಯ್ಯ ಬರಿಗೈಯಲ್ಲಿ ಹೊರಟ. ಒಂದು ಮೈಲಿ ನಡೆಯುವಷ್ಟರಲ್ಲಿ ಕೈಗಳು ತನ್ನವಲ್ಲ ಅನಿಸತೊಡಗಿತು. ಹಿಂದೆ ಕಟ್ಟಿಕೊಂಡ, ಸಾಹೇಬರ ಹಾಗೆ ಕಂಡಿತು. ಮುಂದೆ ಕಟ್ಟಿಕೊಂಡ, ಬೇಡುವವರ ಹಾಗೆ ಕಂಡಿತು. ತಿರುವಿನಲ್ಲಿ ಸೌದೆ ಹೊತ್ತು ಬರುತ್ತಿದ್ದ ಚೋಮಿ ಅವನನ್ನು ಕಂಡದ್ದೇ ಹೊರೆ ಇಳಿಸಿದಳು.

"ಅಯ್ಯೋ, ಯಾರು ತೀರಿಕೊಂಡ್ರು ಪೂವಯ್ಯಣ್ಣ?"

"ಯಾರೂ ಇಲ್ಲ, ಮುಚ್ಚು ಬಾಯಿ!"

"ಮತ್ತೆ ಬರಿಗೈಲಿ ಹೊರಟಿದ್ದೀರಿ?"

ಮುಂದೆ ಎತ್ತಿನ ಗಾಡಿಯವನೂ ಅದನ್ನೇ ಕೇಳಿದ. ಮಡಿಕೇರಿಯ ಏರು ಹತ್ತುವ ಮುಂಚೆ ಒಂದು ಹಳ್ಳ ಸಿಗುತ್ತದೆ. ಅದರ ಬದಿಯಲ್ಲಿ ಎಳೆಯ ತೇರೆ ಎಂಬ ಜರಿಗಿಡದ ಚಿಗುರು, ಮೊದಲ ಮಳೆಗೆ ಎದ್ದು ಸುರುಳಿ ಸುತ್ತಿಕೊಂಡು ನಿಂತಿತ್ತು, ಪಲ್ಯಕ್ಕೆ ಹೇಳಿ ಮಾಡಿಸಿದ್ದು. ಪೂವಯ್ಯ ಅದನ್ನು ನೋಡಲಿಲ್ಲ. ನೋಡದೆ ಹತ್ತು ಹೆಜ್ಜೆ ಮುಂದೆ ಹೋದ. ಆಮೇಲೆ ಏನಾಯಿತೋ ಅವನಿಗೇ ತಿಳಿಯದು, ವಕೀಲರ ಗೇಟಿನಲ್ಲಿ ನಿಂತಾಗ ಹೆಗಲ ವಸ್ತ್ರದ ತುಂಬ ತೇರೆ ಸೊಪ್ಪಿತ್ತು.

"ತೇರೆ ಸೊಪ್ಪು! ಭಾಗೀರಥೀ!" ಎಂದು ಕುಣಿದರು ವೆಂಕಪ್ಪಯ್ಯ. "ಕೊಡುವ ಪೂವಯ್ಯ, ಮುಂದಿನ ವಾರ ಖಂಡಿತ."

ಇಂಥವನಿಗೆ ಎಂತ ಹೇಳುವುದು? ತಂಗಮ್ಮ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಬೀಜದ ಭತ್ತ ಪತ್ತಾಯದಲ್ಲಿ ಕಾದಿತ್ತು. ವಾಯಿದೆಗೆ ಒಂದೇ ವಾರ ಉಳಿದಿತ್ತು. ಈ ಸಲ ಕೇಸು ವಜಾ ಆದರೆ ತೋಡು ಎಂದೆಂದಿಗೂ ದೇರಪ್ಪನದು, ಕೆಳಗಿನ ಗದ್ದೆ ದನ ಮೇಯುವ ಬೀಳು.

ಕೊನೆಗೆ ತಂಗಮ್ಮನೇ ಮಾವಿನ ಮರದಡಿ ನಿಂತು ಎಳೆ ಮಿಡಿ ಇಳಿಸಿ ದೊಡ್ಡ ಬೆತ್ತದ ಬುಟ್ಟಿ ತುಂಬಿದಳು. "ಮಿಡಿ ಬಂದ ಮೇಲೆ ಕೊಡುದು ಅಂತ ಅಲ್ವಾ ಅವ್ರ ಮಾತು? ಮಿಡಿ ಬಂತು ಅಂತ ಹೇಳಿ. ಮಾತಿಗೆ ತಪ್ಪಿದ್ರೆ ಆಮೇಲೆ ನಾನೇ ಬರ್ತೇನೆ."

ಅಂದು ಶುಕ್ರವಾರ. ವೆಂಕಪ್ಪಯ್ಯನವರು ಸ್ನಾನ ಮುಗಿಸಿ ಗಂಧ ಹಚ್ಚಿಕೊಂಡು ಜಗಲಿಯಲ್ಲಿದ್ದರು. ಮಿಡಿಯ ತೊಟ್ಟು ಮುರಿದು ಸೊನೆ ಮೂಸಿ ಕಣ್ಣು ಮುಚ್ಚಿದರು.

"ಆಹಾ! ಇದು ಮೂರು ವರ್ಷ ಕೆಡಲಿಕ್ಕಿಲ್ಲ."

"ಸ್ವಾಮಿ, ಕಟ್ಟು."

"ಕೊಡುವ. ನಾಳೆ ಬಾ. ನಾಳೆ ಅಲ್ಲ, ನಾಡಿದ್ದು."

ಪೂವಯ್ಯನ ಕಿವಿ ಕೆಂಪಾಯಿತು. ಅಷ್ಟರಲ್ಲಿ ಭಾಗೀರಥಮ್ಮ ಮಿಡಿಯನ್ನೆಲ್ಲ ಒಳಗೆ ಸುರಿದು ಬುಟ್ಟಿ ಹಿಂದಕ್ಕೆ ತಂದರು. ತುಂಬಿ ಬಂದ ಬುಟ್ಟಿಯನ್ನು ಬರಿದಾಗಿ ಕಳಿಸುವ ಹೆಂಗಸು ಆ ಊರಿನಲ್ಲೇ ಇಲ್ಲ. ಬುಟ್ಟಿಯ ಅಡಿಯಲ್ಲಿ ಒಂದು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ.

ಪೂವಯ್ಯ ಎರಡನ್ನೂ ತೆಗೆದು ಜಗಲಿಯ ಮೇಲಿಟ್ಟ. "ಬೇಡ ಅಮ್ಮ."

"ಅಯ್ಯೋ ಯಾಕೆ? ಬಾಳೆಹಣ್ಣು ಹಾಕ್ಲಾ?"

"ಬೇಡ."

"ಅವಲಕ್ಕಿ?"

"ಬೇಡ!"

"ಮತ್ತೆ ಎಂಥ ಹಾಕಲಿ, ಮಾರಾಯ? ಶುಕ್ರವಾರ, ಬುಟ್ಟಿ ಖಾಲಿ ಹೋಗಬಾರದು."

"ನನ್ನ ಕಟ್ಟು ಹಾಕಿ!"

ಹೇಳಿ ಮುಗಿದ ಮೇಲೆ ಪೂವಯ್ಯನಿಗೇ ಬೆರಗಾಯಿತು. ದಾರಿಯಲ್ಲಿ ಜೋಡಿಸಿದ ಬೈಗುಳ ಯಾವುದೂ ಬಾರದೆ ಇದು ಎಲ್ಲಿಂದಲೋ ಬಂತು. ವೆಂಕಪ್ಪಯ್ಯನವರು ಎದ್ದು ನಿಂತರು.

"ಪೂವಯ್ಯ, ಅದು ಕಾನೂನಿನ ಕಾಗದ. ಬುಟ್ಟಿಗೆ ಹಾಕಲಿಕ್ಕೆ ಅದೇನು ಬಸಳೆ ಸೊಪ್ಪಾ?"

"ಹಾಗಾದ್ರೆ ಖಾಲಿಯೇ ಹೋಗ್ತೇನೆ." ಪೂವಯ್ಯ ಬುಟ್ಟಿಯನ್ನು ತಲೆಯ ಮೇಲೆ ಕವುಚಿಕೊಂಡ. ಬುಟ್ಟಿ ದೊಡ್ಡದು, ಮೂಗಿನವರೆಗೂ ಇಳಿಯಿತು. ಒಳಗಿನಿಂದ ಕೂಗಿದ: "ಹೀಗೇ ಪೇಟೆ ಬೀದಿಯಲ್ಲಿ ಹೋಗ್ತೇನೆ. ಹೀಗೇ ಕೋರ್ಟಿನ ಎದುರು ನಿಲ್ತೇನೆ. ಯಾರು ಕೇಳಿದ್ರೂ ಹೇಳ್ತೇನೆ, ಶುಕ್ರವಾರ ವೆಂಕಪ್ಪಯ್ಯನೋರ ಮನೆಯಿಂದ ಖಾಲಿ ಬುಟ್ಟಿ ಹೊತ್ತು ಬಂದೆ ಅಂತ!"

ಎರಡು ಹೆಜ್ಜೆ ಇಟ್ಟು ತುಳಸಿಕಟ್ಟೆಗೆ ಢಿಕ್ಕಿ ಹೊಡೆದ. ಬೇಲಿಯಾಚೆಯ ಮನೆಯ ಹೆಂಗಸರು ಆಗಲೇ ತಲೆ ಎತ್ತಿ ನೋಡುತ್ತಿದ್ದರು.

"ನಿಲ್ಲು ಮಾರಾಯ, ನಿಲ್ಲು!" ಎಂದರು ಭಾಗೀರಥಮ್ಮ. ಗಂಡನ ಕಡೆ ತಿರುಗಿ ಕೈ ಚಾಚಿದರು. "ಬೀಗದ ಕೈ ಕೊಡಿ."

"ನಿನಗೆ ಗೊತ್ತಾಗುವುದಿಲ್ಲ, ಇದು ವಕೀಲಿ ವಿಷಯ..."

"ಬುಟ್ಟಿ ನನ್ನ ವಿಷಯ. ಮಿಡಿ ಬಂದ ಮೇಲೆ ಕೊಡ್ತೀರಿ ಅಂತ ನಾನೂ ಒಪ್ಪಿದ್ದೆ. ಮಿಡಿ ಬಂತು. ಕೈ ಕೊಡಿ."

ಬೀಗದ ಕೈ ಎಲ್ಲೂ ಕಳೆದಿರಲಿಲ್ಲ, ವಕೀಲರ ಜನಿವಾರಕ್ಕೇ ಕಟ್ಟಿತ್ತು. ಅವರು ಬಿಚ್ಚಲು ತಡಮಾಡಿದರು. ಭಾಗೀರಥಮ್ಮ ಅಷ್ಟು ಹೊತ್ತು ಕಾಯುವವರಲ್ಲ. ಕಟ್ಟಿದ್ದ ಬೀಗದ ಕೈಯನ್ನೇ ಹಿಡಿದುಕೊಂಡು ಸೀದಾ ಒಳಗೆ ನಡೆದರು. ಜನಿವಾರದ ಸಂಗಡ ವಕೀಲರೂ ಬಾಗಿಕೊಂಡು ಹಿಂದೆಯೇ ಹೋಗಬೇಕಾಯಿತು. ಬೀರು ತೆರೆಯುವಾಗ ಅವರ ಹೊಟ್ಟೆ ಬಾಗಿಲಿಗೆ ತಾಗಿ ತಾಗಿ ಸದ್ದಾಗುತ್ತಿತ್ತು. ಪೂವಯ್ಯ ಬುಟ್ಟಿಯನ್ನು ಹಣೆಯ ಮೇಲಕ್ಕೆ ಸರಿಸಿ ಹೊಸ್ತಿಲಲ್ಲಿ ನಿಂತು ನೋಡಿದ.

ಅವನ ಕಟ್ಟು ಮೇಲಿನ ಹಲಗೆಯಲ್ಲೇ ಇತ್ತು. ಕೆಂಪು ವಸ್ತ್ರದಲ್ಲಿ ಸುತ್ತಿ, ಹುಳ ಹಿಡಿಯದಂತೆ ಬಜೆ ಬೇರು ಇಟ್ಟಿದ್ದರು. ನಕ್ಷೆ ಒಂದು ಮೂಲೆಯೂ ಮಡಿಸದೆ ಹಾಗೇ ಇತ್ತು.

"ಇಷ್ಟು ಜೋಪಾನ ಮಾಡಿದ್ದೀರಿ, ಕೋರ್ಟಿಗೆ ಯಾಕೆ ತರಲಿಲ್ಲ ಸ್ವಾಮಿ?" ಪೂವಯ್ಯನ ದನಿ ತಾನಾಗಿ ಇಳಿದಿತ್ತು.

ವೆಂಕಪ್ಪಯ್ಯನವರು ಜನಿವಾರ ಸರಿಮಾಡಿಕೊಂಡರು. "ನಿನ್ನದು ಗೆಲ್ಲುವ ಕೇಸು, ಪೂವಯ್ಯ. ಮೊದಲ ದಿನವೇ ಗೊತ್ತಿತ್ತು. ಗೆದ್ದರೆ ಮುಗೀತಲ್ಲ. ಬೇರೆ ಕಕ್ಷಿಗಾರರು ಬರ್ತಾರೆ, ಅಳ್ತಾರೆ, ಹೋಗ್ತಾರೆ. ನೀನೊಬ್ಬ ಜಗಲಿಯಲ್ಲಿ ಕೂತು ಊರಿನ ಸುದ್ದಿ ಹೇಳ್ತಿದ್ದೆ."

ಪೂವಯ್ಯ ತಲೆಯ ಬುಟ್ಟಿಯನ್ನು ಕೆಳಗಿಳಿಸಿದ. ಹಾಳು ಮನುಷ್ಯ, ಬೈಯಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಇಂಥ ಮಾತಾಡುತ್ತಾನೆ!

"ಎರಡು ವರ್ಷ ನೇಜಿ ಬೇಡಿ ತಂದೆ ಸ್ವಾಮಿ" ಎಂದ ಕೊನೆಗೆ. "ನೆಂಟರ ಮನೆಯ ಬಾಗಿಲಲ್ಲಿ ನಿಂತು ಬೇಡಿ ತಂದೆ."

ವಕೀಲರು ತಲೆ ತಗ್ಗಿಸಿದರು. ಕಾಗದ ತೆಗೆದು, ತಕರಾರಿಲ್ಲ ಎಂದು ಬರೆದು ರುಜು ಹಾಕಿದರು. ಭಾಗೀರಥಮ್ಮ ಬುಟ್ಟಿ ಇಸಿದುಕೊಂಡು ಮೊದಲು ಕಟ್ಟನ್ನಿಟ್ಟರು. ಅದರ ಮೇಲೆ ತೆಂಗಿನಕಾಯಿ ಇಡಲು ಹೋದಾಗ ಪೂವಯ್ಯ ನಕ್ಷೆ ಹರಿದೀತೆಂದು ಕೂಗಿಕೊಂಡ. ಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡು ನಡೆದ.

ವಾಯಿದೆಯ ದಿನ ಮುನ್ಸೀಫರು ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ದೇರಪ್ಪನ ವಕೀಲರು ಮಾಡಿನ ಹೆಂಚು ನೋಡಿದರು, ಅಲ್ಲಿಗೆ ಕೇಸು ಮುಗಿಯಿತು. ಎರಡು ವರ್ಷ ಎಳೆದ ಕೇಸು ಒಂದು ವೀಳ್ಯ ಅಗಿದು ಮುಗಿಯುವಷ್ಟರಲ್ಲಿ!

ಮರುದಿನ ಬೆಳಗ್ಗೆ ದೇರಪ್ಪ ಹಾರೆ ತಂದು ಮುಖ ಊದಿಸಿಕೊಂಡು ಕಲ್ಲು ಮೀಟಿದ. ಅವನು ಮೀಟುವ ರೀತಿ ಪೂವಯ್ಯನಿಗೆ ಸರಿ ಕಾಣಲಿಲ್ಲ.

"ಹಾಗೆ ಅಲ್ಲ, ಅಡಿಯಿಂದ! ಇಡುವಾಗ ಇದ್ದ ಬುದ್ಧಿ ತೆಗೆಯುವಾಗ ಎಲ್ಲಿ ಹೋಯ್ತು?"

"ಕೋರ್ಟು ಕಲ್ಲು ತೆಗೆ ಅಂತ ಹೇಳಿದ್ದು, ನಿನ್ನ ಬಾಯಿ ಕೇಳು ಅಂತ ಹೇಳಲಿಲ್ಲ!" ಎಂದ ದೇರಪ್ಪ.

ಕಲ್ಲು ಉರುಳಿತು. ನೀರು ಮೊದಲು ಒಣಗಿದ ಎಲೆಗಳನ್ನು ತಳ್ಳಿಕೊಂಡು ಮೆಲ್ಲಗೆ ಬಂತು, ಆಮೇಲೆ ಗುಳುಗುಳು ಎಂದಿತು. ಪೂವಯ್ಯ ಅದರ ಜೊತೆಗೇ ಓಡಿದ. ಅಲ್ಲಲ್ಲಿ ಏಡಿಯ ತೂತು. ಪ್ರತಿಯೊಂದಕ್ಕೂ ಕೆಸರು ಮೆತ್ತುತ್ತ, ಏಡಿಗಳನ್ನೂ ದೇರಪ್ಪನನ್ನೂ ಒಂದೇ ಉಸಿರಿನಲ್ಲಿ ಬೈಯುತ್ತ, ಗದ್ದೆಗೆ ನೀರು ಇಳಿಯುವ ಬಾಯಲ್ಲೇ ಬಂದು ಸೊಂಟಕ್ಕೆ ಕೈಕೊಟ್ಟು ನಿಂತ. ಮೇಲೆ ನಿಂತಿದ್ದ ದೇರಪ್ಪನಿಗೆ ಕೇಳುವಂತೆ ಇನ್ನೂ ಬಹಳ ಹೇಳುವುದಿತ್ತು. ಈ ಸಲ ಎರಡೂ ಕೈ ಬಿಡುವಾಗಿತ್ತು.

ತಂಗಮ್ಮ ನೆನೆಹಾಕಿದ ಬೀಜದ ಕುಕ್ಕೆ ಹಿಡಿದು ಬದುವಿನ ಮೇಲೆ ಬಂದಳು. ಕೆಳಗೆ ಸಸಿಮಡಿ ಒಣಗಿಯೇ ಇತ್ತು. ಮೇಲೆ ತೋಡು ತುಂಬಿ ಅಂಚು ಮೀರುತ್ತಿತ್ತು.

"ಬೈದದ್ದು ಸಾಕು, ಈಚೆ ಬನ್ನಿ" ಎಂದಳು. "ನೀರಿಗೆ ಈಗ ನೀವೇ ಅಡ್ಡ ನಿಂತಿದ್ದೀರಿ."