ಅಂಬಿಗರ ಮನೆಯ ಕಗ್ಗ

ಕುಮಟೆಯ ಆಚೆ, ಅಘನಾಶಿನಿ ಹೊಳೆ ಅಗಲವಾಗುವಲ್ಲಿ ನಡುಗಜನಿ ಎಂಬ ಊರು. ಅಲ್ಲಿ ಹಾಲಕ್ಕಿ ಒಕ್ಕಲಿಗರ ಸಣ್ಣಮ್ಮನಿಗೆ ಒಂದು ತುಂಡು ಗಜನಿ ಗದ್ದೆಯಿತ್ತು. ಗಜನಿ ಅಂದರೆ ಹೊಳೆಯಂಚಿನ ಉಪ್ಪುನೆಲ. ಅಲ್ಲಿ ಬೇರೆ ಭತ್ತ ಬಿತ್ತಿದರೆ ಕಮರಿ ಹೋಗುತ್ತದೆ, ಕಗ್ಗವೆಂಬ ಕೆಂಪು ಭತ್ತವೊಂದೇ ಜಪ್ಪಯ್ಯ ಅಂದರೂ ಜಗ್ಗದೆ ನಿಲ್ಲುತ್ತದೆ. ಗಂಡ ಸತ್ತ ಮೇಲೆ ಸಣ್ಣಮ್ಮನೂ ಹಾಗೆಯೇ ನಿಂತವಳು. ಆ ಗದ್ದೆ ಬಿಟ್ಟರೆ ಅವಳಿಗೆ ಬೇರೆ ದಿಕ್ಕಿರಲಿಲ್ಲ.

ಹೊಳೆಯ ಉಪ್ಪುನೀರು ಗದ್ದೆಗೆ ನುಗ್ಗದಂತೆ ಒಂದು ಮಣ್ಣಿನ ಒಡ್ಡು. ಅದನ್ನು ಪ್ರತಿ ಬೇಸಿಗೆಯಲ್ಲೂ ಊರೇ ಕಟ್ಟುತ್ತಿತ್ತು. ಆಚೆ ಕೇರಿಯ ಅಂಬಿಗರು ಹೊಳೆಯ ತಳದ ಜೇಡಿಮಣ್ಣನ್ನು ದೋಣಿಯಲ್ಲಿ ತಂದು ಹಾಕುವುದು, ಈಚೆ ಹಾಲಕ್ಕಿ ಕೇರಿಯವರು ಮನೆಗೊಂದು ಆಳಿನಂತೆ ನಿಂತು ತುಳಿದು ಮೆತ್ತುವುದು. ಸುಗ್ಗಿಯಲ್ಲಿ ದೋಣಿಯ ಮನೆಗಳಿಗೆ ಒಂದೊಂದು ಮುಡಿ ಕಗ್ಗ. ಮುಡಿ ಅಂದರೆ ಹುಲ್ಲಿನ ಹಗ್ಗದಿಂದ ಉರುಟಾಗಿ ಬಿಗಿದ ಭತ್ತದ ಮೂಟೆ. ಕೊಯ್ಲು ಮುಗಿದು ಹೊಳೆನೀರು ಬಿಟ್ಟ ಗದ್ದೆಯಲ್ಲಿ ಬೀಳುವ ಮೀನು, ಸೀಗಡಿ ಅಂಬಿಗರಿಗೆ. ಈ ಪದ್ಧತಿ ಯಾವ ಸರ್ಕಾರವೂ ಹೇಳಿಕೊಟ್ಟದ್ದಲ್ಲ.

ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದದ್ದು ಸಣ್ಣಮ್ಮನಿಗೆ ಬಾಯಿಮಾತಿನಲ್ಲಿ ಮಾತ್ರ ಗೊತ್ತಿತ್ತು. ಅರವತ್ತೈದರ ಬೇಸಿಗೆಯಲ್ಲಿ ಅದು ಕಣ್ಣಿಗೇ ಕಂಡಿತು. ನೀರಾವರಿ ಇಲಾಖೆಯ ಓವರ್‌ಸಿಯರು ಬಂದು ಒಡ್ಡಿನ ಮೇಲೆ ಕಲ್ಲು ನೆಟ್ಟ. ಇನ್ನು ಮೇಲೆ ಒಡ್ಡು ಸರ್ಕಾರದ್ದು, ಕಲ್ಲುಕಟ್ಟಡವೇ ಆಗುತ್ತದೆ, ಯಾರಾದರೂ ಮಣ್ಣು ಮುಟ್ಟಿದರೆ ಕೇಸು ಅಂದ. ಜನ ಕೈಮುಗಿದರು. ಸುಮ್ಮನೆ ಕೂತು ಒಡ್ಡು ಸಿಗುವುದಾದರೆ ಯಾರಿಗೆ ಬೇಡ? ಆ ವರ್ಷ ಯಾರೂ ಕೆಸರಿಗೆ ಇಳಿಯಲಿಲ್ಲ. ಸರ್ಕಾರವೂ ಇಳಿಯಲಿಲ್ಲ, ಬಿಡಿ.

ಆಷಾಢದ ಹುಣ್ಣಿಮೆಯ ಉಬ್ಬರಕ್ಕೆ ಒಡ್ಡು ಒಡೆಯಿತು. ಬಿತ್ತಿದ್ದೆಲ್ಲ ಉಪ್ಪುನೀರಿನ ಪಾಲಾಯಿತು. ಅರ್ಜಿ ಹಿಡಿದು ಹೋದವರನ್ನು ಕುಮಟೆಯಿಂದ ಕಾರವಾರಕ್ಕೆ, ಕಾರವಾರದಿಂದ ಮತ್ತೆ ಕುಮಟೆಗೆ ಅಟ್ಟಿದರು. ಮುಂದಿನ ಬೇಸಿಗೆ ಬಂದರೂ ಒಂದು ಬುಟ್ಟಿ ಮಣ್ಣು ಬೀಳಲಿಲ್ಲ. ರೇಷನ್ ಅಂಗಡಿಯಲ್ಲಿ ಹುಳ ಹಿಡಿದ ಜೋಳ. ಹೊಟ್ಟೆ ಉರಿದ ಜನಕ್ಕೆ ಇಲಾಖೆ ಕೈಗೆ ಸಿಗಲಿಲ್ಲ, ಅಂಬಿಗರು ಸಿಕ್ಕಿದರು. ಮೀನಿನ ಆಸೆಗೆ ಒಡ್ಡು ಕಡಿದವರು ಅವರೇ ಎಂದು ಯಾರೋ ಬಾಯಿ ಬಿಟ್ಟ, ಉಳಿದವರು ತಲೆಯಾಡಿಸಿದರು. ಒಂದು ದಿನ ಅಂಬಿಗರ ದೋಣಿಗೆ ಕೊಡಲಿ ಏಟು, ಮರುದಿನ ಈಚೆ ಕೇರಿಯ ಹುಲ್ಲುಗೊಣಬೆಗೆ ಬೆಂಕಿ. ಮೀನುಬುಟ್ಟಿ ಊರೊಳಗೆ ಬರಕೂಡದೆಂದು ಈಚೆಯವರು ಕಟ್ಟು ಮಾಡಿದರು.

ಸಣ್ಣಮ್ಮನ ತಮ್ಮ ಜಟ್ಟ ಗುಂಪು ಕಟ್ಟಿಕೊಂಡು ಇಲಾಖೆಯ ಕಚೇರಿಗೆ ಹೋದ. ಮಾತಿಗೆ ಮಾತು ಬೆಳೆದು ಕಲ್ಲು ಬಿತ್ತು, ಕಿಟಕಿ ಒಡೆಯಿತು, ಪೊಲೀಸರು ಜಟ್ಟನನ್ನು ಒಳಗೆ ಹಾಕಿದರು. ಒಡ್ಡಿಗೆ ವರ್ಷವಾದರೂ ಬಾರದ ಸರ್ಕಾರ ಕಿಟಕಿಗೆ ಅರ್ಧ ಗಂಟೆಯಲ್ಲಿ ಬಂತು.

ಮಳೆ ಹತ್ತಿರವಾಗಿತ್ತು. ಈ ಸಲವೂ ಗದ್ದೆ ಬೀಳುಬಿದ್ದರೆ ಸಣ್ಣಮ್ಮ ಘಟ್ಟದ ಮೇಲಿನ ತೋಟಗಳಿಗೆ ಕೂಲಿಗೆ ಹೋಗಬೇಕು. ಒಡ್ಡು ಹೇಗೋ ಆದೀತು, ಬೀಜಕ್ಕೆ ಏನು ಮಾಡುವುದು? ಊರಲ್ಲಿ ಎಲ್ಲಿ ಗೋರಿದರೂ ಒಂದು ಸೇರು ಕಗ್ಗವಿರಲಿಲ್ಲ. ಅಂಗಳದಲ್ಲಿ ಕೂತು ಅವಳು ಇದನ್ನೇ ಕೊರಗುತ್ತಿದ್ದಾಗ, ನಡುಹಗಲಲ್ಲಿ, ಕಟ್ಟು ಮಾಡಿದ ಊರಿನ ನಡುವೆಯೇ ಅಂಬಿಗರ ಬಂಗಾರಿ ಬಂದಳು. ತಲೆಯ ಮೇಲೆ ಮೀನುಬುಟ್ಟಿಯಲ್ಲ, ಮುಡಿ. ಜಗುಲಿಗಳಲ್ಲಿ ಕೂತವರು ಬಾಯಿ ತೆರೆದು ನೋಡಿದರು.

"ಎಂತ ಬಂಗಾರಿ ಇದು?"

"ಕಗ್ಗ. ಒಡ್ಡು ಒಡೆಯೂಕೆ ಮುಂಚಿನ ಸುಗ್ಗೀಲಿ ನೀವೇ ಕೊಟ್ಟದ್ದು." ಬಂಗಾರಿ ಸೆರಗಿನ ಗಂಟು ಬಿಚ್ಚಿದಳು. ಒದ್ದೆ ಬಟ್ಟೆಯಲ್ಲಿ ಒಂದು ಹಿಡಿ ಭತ್ತ, ಬಿಳಿ ಮೊಳಕೆ. "ಹಳೇದು ಹೇಳಿ ಹೆದರ್ಬೇಡ, ನೆನೆಹಾಕಿ ನೋಡಿದೆ, ಜೀವ ಅದೆ."

"ನಮ್ಮವ್ರು ನಿಮ್ಮ ದೋಣಿ ಒಡೆದ್ರು. ಆದ್ರೂ ತಂದ್ಯಾ?"

"ನಿಂಗೆ ಗದ್ದೆ ಇಲ್ದಿದ್ರೆ ನಂಗೆ ಸೀಗಡಿ ಎಲ್ಲಿಂದ ಬತ್ತದೆ ಮಾರಾಯ್ತಿ? ನಾಳೆ ದೋಣಿ ಬತ್ತವೆ. ಮಣ್ಣಿಗೆ ಜನ ಕರಿ."

ಸಣ್ಣಮ್ಮ ಬಂಗಾರಿಯ ಎರಡೂ ಕೈ ಹಿಡಿದು ಅತ್ತಳು.

ಮರುದಿನ ಇಲಾಖೆಯ ಕಲ್ಲಿನ ಪಕ್ಕದಲ್ಲೇ ಮೊದಲ ಹೆಂಟೆ ಇಟ್ಟವಳು ಸಣ್ಣಮ್ಮ. ಗಂಡಸರು ಕೇಸಿಗೆ ಹೆದರಿ ಹಿಂದೆಮುಂದೆ ನೋಡುತ್ತಿದ್ದಾಗ, "ಕೇಸು ಹಾಕ್ಲಿ, ಜೈಲಲ್ಲಿ ತಮ್ಮನ ಸಂಗ್ತಿಗೇ ಕೂತ್ಕಂತೆ" ಅಂದಳು. ದೋಣಿಗಳು ಬಂದವು. ಮೊದಲ ದಿನ ಎರಡೂ ಕೇರಿಯವರು ಮುಖ ನೋಡದೆ ದುಡಿದರು, ಆಮೇಲೆ ಹೆಂಗಸರ ಹಾಡು ಶುರುವಾಯಿತು, ಹಳೆಯ ಬೈಗುಳವೂ. ಓವರ್‌ಸಿಯರು ಬಂದವನು ಅಷ್ಟು ಜನ ಕೆಸರಲ್ಲಿದ್ದುದನ್ನು ನೋಡಿ ಸೈಕಲ್ಲು ತಿರುಗಿಸಿದ. ಮಳೆ ಹಿಡಿಯುವ ಮುನ್ನ ಜಟ್ಟನನ್ನೂ ಬಿಟ್ಟರು. ಒಡ್ಡು ನಿಂತಿತು, ಕಗ್ಗ ಎದ್ದಿತು.

ನವರಾತ್ರಿಯಲ್ಲಿ ಬಂಗಾರಿಯ ಮಗಳು ಹೆತ್ತಳು. ನೋಡಲು ಹೋದ ಸಣ್ಣಮ್ಮನ ಕಣ್ಣು ಬಾಣಂತಿಯ ಬಟ್ಟಲಿಗೆ ಬಿತ್ತು. ರೇಷನ್ ಜೋಳದ ಅಂಬಲಿ. ಹೆತ್ತವಳ ಸೊಂಟ ಗಟ್ಟಿಯಾಗಲು ಕಗ್ಗದ ಗಂಜಿಯೇ ಬೇಕೆಂದು ಆ ಹೊಳೆಯಂಚಿನಲ್ಲಿ ಮಕ್ಕಳಿಗೂ ಗೊತ್ತು. ಬಂಗಾರಿ ತನಗೆ ಕೊಟ್ಟ ಆ ಮುಡಿಯನ್ನು ಈ ಮನೆಯವರು ಯಾತಕ್ಕೆಂದು ಅಟ್ಟದಲ್ಲಿ ತೂಗಿಟ್ಟಿದ್ದರೆಂದು ಕೇಳುವ ಅಗತ್ಯ ಸಣ್ಣಮ್ಮನಿಗೆ ಬರಲಿಲ್ಲ.

ದೀಪಾವಳಿಯ ಹೊತ್ತಿಗೆ ತೆನೆ ಕೆಂಪಾಯಿತು. ಹೊಸ ಅಕ್ಕಿ ಮೊದಲು ಮನೆದೇವರಿಗೆ, ಆಮೇಲೆ ಮನುಷ್ಯರಿಗೆ ಎಂಬುದು ಹಾಲಕ್ಕಿ ಕೇರಿಯಲ್ಲಿ ಯಾರೂ ಮೀರದ ಕಟ್ಟಳೆ. ಸಣ್ಣಮ್ಮ ಮೊದಲ ತೆನೆ ಕೊಯ್ದು, ಬಡಿದು, ಕುಟ್ಟಿ, ಗಂಜಿ ಕಾಯಿಸಿ, ಮಡಕೆ ತಲೆಯ ಮೇಲಿಟ್ಟುಕೊಂಡು ಸೀದಾ ದೋಣಿಗಟ್ಟೆಗೆ ನಡೆದಳು.

"ಅಕ್ಕಾ, ದೇವ್ರಿಗೆ ಇಟ್ಟದ್ದಿಲ್ಲ!" ಜಟ್ಟ ಹಿಂದೆಯೇ ಓಡಿಬಂದ.

"ದೇವ್ರು ಹಸಿವು ತಡಕಂತಾನೋ," ಅಂದಳು ಸಣ್ಣಮ್ಮ. "ಆ ಬಾಣಂತಿ ಹುಡುಗಿ ನಮ್ಮ ಬೀಜಕ್ಕಾಗಿ ತಡಕಂಡದ್ದು ಸಾಕು."