ಸ್ವಿಚ್ ಬಂದ್ ಇತ್ತು, ಕರೆಂಟ್ ಇತ್ತು

೧೯೮೯ರ ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾನು ಅಣ್ಣಿಗೇರಿಯ ಹತ್ತಿ ಗಿರಣಿಯೊಂದರ ಆಫೀಸಿನ ಬಾಗಿಲಲ್ಲಿ ನಿಂತಿದ್ದೆ. ಕಂಪ್ಯೂಟರಿಗೆ ಎರಡನೆಯ ಹಾರ್ಡ್ ಡಿಸ್ಕ್ ಕೂಡಿಸಲು ಹುಬ್ಬಳ್ಳಿಯಿಂದ ಎಂಜಿನಿಯರ್ ಬಂದಿದ್ದರು. ಹೊಸ ಡಿಸ್ಕಿನ ಪೂಜೆಗೆಂದು ನೆಲ ತೊಳೆದಿದ್ದರಿಂದ ಅವರೂ ಬೂಟು ಬಿಚ್ಚಿ ಹಸಿ ನೆಲದ ಮೇಲೆ ನಿಂತಿದ್ದರು. ಪೂಜೆ ಮುಗಿದ ಮೇಲೆ ಗೋಡೆಯ ಸ್ವಿಚ್ ಬಂದ್ ಮಾಡಿ, ಕಂಪ್ಯೂಟರಿನ ಕಬ್ಬಿಣದ ಮುಚ್ಚಳಕ್ಕೆ ಕೈ ಚಾಚಿದರು.

"ಮುಟ್ಟಬ್ಯಾಡ್ರಿ ಸಾಹೇಬ್ರ. ಇಲ್ಲಿ ವೈರಿಂಗ್ ಉಲ್ಟಾ ಅದ, ಬಂದ್ ಮಾಡಿದ್ರೂ ಕರೆಂಟ್ ಬರ್ತದ, ಸ್ವಿಚ್ ನಂಬಬ್ಯಾಡ್ರಿ," ಎಂದರು ಜವಾನ ಈರಪ್ಪ. ಮುಚ್ಚಳಕ್ಕೆ ಟೆಸ್ಟರ್ ಹಚ್ಚಿದರು. ಟೆಸ್ಟರಿನೊಳಗಿನ ದೀಪ ಹೊತ್ತಿತು.

ಎಂಜಿನಿಯರ್ ಪ್ಲಗ್ಗನ್ನೇ ಕಿತ್ತು ನಿಂತರು. "ಬೂಟು ಹಾಕ್ಕೊಳ್ರಿ, ದೇವ್ರು ಏನೂ ಅನ್ನೂದಿಲ್ಲ," ಎಂದರು ಈರಪ್ಪ. ಆಮೇಲೆ ನಾಲ್ಕು ಸ್ಕ್ರೂ ಬಿಗಿದು ಡಿಸ್ಕ್ ಕೂಡಿಸಿದ್ದಾಯಿತು.

ಅದನ್ನು ಕಂಡವರಲ್ಲಿ ಶಲವಡಿ ಊರಿನ ಆ ಜವಾನ ಈರಪ್ಪ ಈಗಲೂ ಇದ್ದಾರೆ. ಆ ಎಂಜಿನಿಯರೂ ಇದ್ದಾರೆ.